ಒಬ್ಬರೇ ಬಂದರೆ ಬೆಟ್ಟ ಹತ್ತಿಸಲ್ಲ

ಜಪಾನಿನ ಒಂದು ಗುಡಿ ನೋಡೋಕೆ ಅಂತ ಅರ್ಧ ದಿನ ರೈಲು, ಬಸ್ಸು ಹಿಡಿದು ಹೋಗಿ, ಅದನ್ನ ಹತ್ತಿರದಿಂದ ನೋಡದೆ ವಾಪಸ್ ಬಂದವನು ನಾನು. ಹಾಸ್ಟೆಲ್‌ನಲ್ಲಿ ಈ ಕಥೆ ಹೇಳಿದಾಗಲೆಲ್ಲ "ಅಷ್ಟು ದೂರ ಹೋಗಿ ಬಿಟ್ಟು ಬಂದ್ಯಾ? ಹುಚ್ಚು ಕಣೋ ನಿಂಗೆ" ಅಂತಾರೆ. ಎಲ್ಲರಿಗೂ ಒಂದೇ ಸಲ ಉತ್ತರ ಕೊಡೋಣ ಅಂತ ಬರೀತಿದ್ದೀನಿ. ನನ್ನನ್ನ ತಡೆದ ನಿಯಮ ಸರಿಯಾಗೇ ಇದೆ ಅನ್ನೋದು ನನ್ನ ವಾದ.

ಜಾಗ ಯಾವುದು ಅಂತ ಮೊದಲು ಹೇಳ್ತೀನಿ. ಜಪಾನಿನ ಪಶ್ಚಿಮ ಭಾಗದಲ್ಲಿ ತೊತ್ತೊರಿ ಅಂತ ಒಂದು ಪ್ರಾಂತ್ಯ. ಅಲ್ಲಿ ಮಿಸಾಸಾ ಅನ್ನೋ ಬಿಸಿನೀರಿನ ಬುಗ್ಗೆಗಳ ಊರಿದೆ. ನೀರಲ್ಲಿ ರೇಡಾನ್ ಇರೋದರಿಂದ ಪ್ರಸಿದ್ಧಿ. ಊರಲ್ಲಿ ಮೇರಿ ಕ್ಯೂರಿಯ ಪ್ರತಿಮೆಯೂ ಇದೆ. ಹೆಸರಿನ ಅಕ್ಷರಗಳನ್ನ ಬಿಡಿಸಿ ಓದಿದರೆ 'ಮೂರು ಬೆಳಗು'. ಮೂರು ಬೆಳಗು ಕಳೆಯೋಷ್ಟರಲ್ಲಿ ಕಾಯಿಲೆ ವಾಸಿಯಾಗುತ್ತೆ ಅನ್ನೋ ನಂಬಿಕೆ. ಮಿಸಾಸಾದಿಂದ ಬಸ್ಸಿನಲ್ಲಿ ಸ್ವಲ್ಪ ಮುಂದೆ ಹೋದರೆ ಮಿತೊಕು ಬೆಟ್ಟ, ಎತ್ತರ ಸುಮಾರು 900 ಮೀಟರ್. ಅದರ ಮೈಮೇಲೆ ಸಾನ್‌ಬುತ್ಸುಜಿ ಅನ್ನೋ ಬೌದ್ಧ ದೇವಾಲಯ. ಬುಗ್ಗೆಯಲ್ಲಿ ಮಿಂದು ಮೈ ಶುದ್ಧ ಮಾಡ್ಕೊಂಡು ಬೆಟ್ಟ ಹತ್ತೋದು ಹಳೇ ಪದ್ಧತಿ.

ಆ ದೇವಾಲಯದ ಕೊನೆಯ ಗುಡಿ ನಾಗೇಇರೆದೋ. ಅಂದರೆ 'ಎಸೆದು ಕೂರಿಸಿದ ಗುಡಿ'. 706ರಲ್ಲಿ ಎನ್ ನೋ ಗ್ಯೋಜಾ ಅನ್ನೋ ಸಾಧಕ ಬೆಟ್ಟದ ಬುಡದಲ್ಲಿ ಗುಡಿ ಕಟ್ಟಿ, ತಪಸ್ಸಿನ ಬಲದಿಂದ ಮೇಲಕ್ಕೆ ಎಸೆದ, ಅದು ಹೋಗಿ ಬಂಡೆಯ ಪೊಟರೆಯಲ್ಲಿ ಕೂತಿತು ಅಂತ ಐತಿಹ್ಯ. ಚಿತ್ರ ನೋಡಿದರೆ ಕಥೆ ನಂಬಬೇಕು ಅನಿಸುತ್ತೆ. ಕಡಿದಾದ ಬಂಡೆ, ಅದರ ಗುಳಿಯೊಳಗೆ ಮರದ ಗುಡಿ, ಕೆಳಗೆ ತೆಳ್ಳನೆಯ ಕಂಬಗಳು. ಇಳಿಜಾರು ಎಲ್ಲೆಲ್ಲಿ ಎಷ್ಟಿದೆಯೋ ಅಷ್ಟಷ್ಟೇ ಉದ್ದ ಕಂಬಕ್ಕೆ. ಒಂದು ಗಿಡ್ಡ, ಒಂದು ಉದ್ದ. ಬಂಡೆಯನ್ನ ಕಡಿದು ಸಮ ಮಾಡೋ ಗೋಜಿಗೇ ಹೋಗಿಲ್ಲ. ಮೇಲಿಂದ ಚಾಚಿದ ಬಂಡೆಯೇ ಮಳೆಗೆ ಕೊಡೆ. ಮರದ ಉಂಗುರಗಳನ್ನ ಪರೀಕ್ಷಿಸಿದವರು ಇದು 900 ವರ್ಷಕ್ಕೂ ಹಳೆಯದು ಅಂದಿದ್ದಾರೆ. ಸಿವಿಲ್‌ನವರೇ, ಬೇಸ್‌ಮೆಂಟ್‌ನಲ್ಲಿ ನೀರು ಸೋರೋ ನಮ್ಮ ಹೊಸ ಬ್ಲಾಕ್ ನೆನಪಾಯ್ತಾ?

ಹೋದ ವರ್ಷ ಇಂಟರ್ನ್‌ಶಿಪ್‌ಗೆ ಎರಡು ತಿಂಗಳು ಜಪಾನಿನಲ್ಲಿದ್ದೆ. ಒಂದು ಶನಿವಾರ ಬೆಳಗ್ಗೆ ಕುರಾಯೋಶಿ ಸ್ಟೇಷನ್‌ನಿಂದ ಬಸ್ ಹಿಡಿದು ಬೆಟ್ಟದ ಬುಡಕ್ಕೆ ಹೋದೆ. ದಾರಿಯ ಬಾಯಲ್ಲಿ ಕೂತಿದ್ದವರು ನನ್ನ ಹಿಂದೆ ಯಾರಾದ್ರೂ ಬರ್ತಿದ್ದಾರಾ ಅಂತ ಬಗ್ಗಿ ನೋಡಿದರು. ಯಾರೂ ಇಲ್ಲ ಅಂದೆ. ಒಬ್ಬರೇ ಹತ್ತೋ ಹಾಗಿಲ್ಲ ಅಂತ ಬೋರ್ಡು ತೋರಿಸಿದರು. ಮೊದಲೇ ಓದ್ಕೊಂಡು ಬರದಿದ್ದದ್ದು ನನ್ನ ತಪ್ಪು. ಆಮೇಲೆ ಶೂ ಎತ್ತಿ ತೋರಿಸು ಅಂದ್ರು. ಅಡಿಭಾಗ ನುಣ್ಣಗೆ ಸವೆದಿತ್ತು. ಅದೂ ಫೇಲು! ಎರಡು ಸಬ್ಜೆಕ್ಟಲ್ಲೂ ಒಟ್ಟಿಗೆ ಬ್ಯಾಕ್.

ಶೂಗೆ ಪರಿಹಾರ ಅಲ್ಲೇ ಇತ್ತು: ವಾರಾಜಿ, ಹುಲ್ಲಿನಲ್ಲಿ ಹೆಣೆದ ಚಪ್ಪಲಿ. ಕಾಸು ಕೊಟ್ಟು ಹಾಕ್ಕೊಂಡೆ. ಜೊತೆಗೆ ಪರಿಹಾರ ಅಂದರೆ ಕಾಯೋದು. ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕೂತು ಒಳಗೊಳಗೇ ಬೈಕೊಳ್ತಾ ಇದ್ದೆ. 'ನಾನು ಸೋಲೋ ಟ್ರೆಕ್ಕರ್, ನಂಗೆ ಯಾಕೆ ಬೇಕು ಜೊತೆ' ಅನ್ನೋ ಜಂಬ. ಕೊನೆಗೆ ಅರವತ್ತು ದಾಟಿದ ಯಜಮಾನರೊಬ್ಬರು ಬಂದರು, ಅವರೂ ಒಬ್ಬರೇ. ಇಬ್ಬರನ್ನೂ ಜೋಡಿ ಮಾಡಿ, ಹೆಸರು, ಹೊರಟ ಸಮಯ ಬರೆಸಿಕೊಂಡು, ಕೊರಳಿಗೊಂದು ಪಟ್ಟಿ ಹಾಕಿಸಿದರು. ಕಣ್ಣು, ಕಿವಿ, ಮೂಗು, ನಾಲಿಗೆ, ದೇಹ, ಮನಸ್ಸು ಈ ಆರೂ ಶುದ್ಧವಾಗಲಿ ಅಂತ ಅದರ ಮೇಲೆ ಬರೆದಿರುತ್ತೆ.

ದಾರಿ ಅಂದ್ನಲ್ಲ, ಅದು ದಾರಿಯೇ ಅಲ್ಲ. ಶುರುವಿನಲ್ಲೇ ಮರದ ಬೇರುಗಳನ್ನ ಏಣಿ ಥರ ಹಿಡಿದು ಹತ್ತಬೇಕು. ಕೈಯೂ ಕಾಲೇ. ಆಮೇಲೆ ಒಂದು ಬಂಡೆ, ಅದಕ್ಕೆ ಇಳಿಬಿಟ್ಟ ಸರಪಳಿ. ಹತ್ತಿದರೆ ಮಂಜುಶ್ರೀಯ ಗುಡಿ. ಅದರ ಸುತ್ತ ಒಂದಾಳು ನಡೆಯೋಷ್ಟು ಜಗಲಿ, ಹೊರಕ್ಕೆ ಸ್ವಲ್ಪ ಇಳಿಜಾರು, ಕಟಕಟೆ ಅನ್ನೋದು ಇಲ್ಲವೇ ಇಲ್ಲ. ಸರಪಳಿ ಹಿಡಿದಾಗ ನನ್ನ ಕಾಲಿಗೆ ಮೆಟ್ಟು ಸಿಗ್ತಿರಲಿಲ್ಲ. ಕೆಳಗಿಂದ ಯಜಮಾನರು ನನ್ನ ಹಿಮ್ಮಡಿ ಹಿಡಿದು ಒಂದು ಸಣ್ಣ ಗುಳಿಯಲ್ಲಿ ಕೂರಿಸಿದರು. ಭಾಷೆ ಬರಲ್ಲ, ಹೆಸರು ಗೊತ್ತಿಲ್ಲ. ಆ ಕ್ಷಣ ನಾನು ನಿಂತಿದ್ದು ಅವರ ಕೈ ಮೇಲೆ. (ಅಂದ ಹಾಗೆ, ಇನ್ನೂ ಮೇಲೆ ಗುಹೆಯೊಂದರಲ್ಲಿ ಕಾನ್ನೋನ್ ಗುಡಿ ಇದೆ. ಕಾನ್ನೋನ್ ಅಂದರೆ ನಮ್ಮ ಮಂಗಳೂರಿನ ಕದ್ರಿಯಲ್ಲಿ ಕಂಚಿನಲ್ಲಿ ಕೂತಿರೋ ಲೋಕೇಶ್ವರನೇ, ಅವಲೋಕಿತೇಶ್ವರ. ಎಲ್ಲಿಂದ ಎಲ್ಲಿಗೆ ಹೋಗಿದ್ದಾನೆ ನೋಡಿ.)

ಗಂಟೆ ಮಂಟಪದ ಹತ್ತಿರ ಯಜಮಾನರು ಕೂತುಬಿಟ್ಟರು. ಮಂಡಿ ಹಿಡ್ಕೊಂಡಿತ್ತು. ಫೋನಿನ ಅನುವಾದದಲ್ಲಿ ಬಂತು: "ನೀವು ಹೋಗಿ. ನಾನು ಇಲ್ಲೇ ಇರುತ್ತೇನೆ." ನಾಗೇಇರೆದೋಗೆ ಇನ್ನು ಸ್ವಲ್ಪವೇ ದೂರ. ಸುಳ್ಳು ಹೇಳಲ್ಲ, ಹೋಗೋಕೆ ಎದ್ದು ನಾಲ್ಕು ಹೆಜ್ಜೆ ಇಟ್ಟೆ. ಆಗ ಅವರು ಇಳಿಯಬೇಕಾದ ಸರಪಳಿ ನೆನಪಾಯ್ತು. ಅವರ ಹಿಮ್ಮಡಿ ಯಾರು ಹಿಡೀತಾರೆ? ಇಬ್ಬರೂ ಇಳಿದೆವು. ಒಂದೊಂದು ಬೇರಿಗೂ ನಾನು ಮೊದಲು ಇಳಿದು, ಅವರ ಪಾದ ಹಿಡಿದು ಕೂರಿಸಿ. ಬುಡದಲ್ಲಿ ಪುಸ್ತಕ ತೆಗೆದು ಇಬ್ಬರ ಹೆಸರಿನ ಮುಂದೆಯೂ ವಾಪಸ್ ಬಂದ ಸಮಯ ಬರೆದರು.

ಈಗ ವಾದಕ್ಕೆ ಬರ್ತೀನಿ. ಈ ದಾರಿಯಲ್ಲಿ ಬಿದ್ದು ಪೆಟ್ಟಾದವರಿದ್ದಾರೆ, ಜೀವ ಕಳ್ಕೊಂಡವರೂ ಇದ್ದಾರೆ. ಇದನ್ನ ನಮ್ಮ ಕ್ಲಾಸಿಗೆ ಅಸೈನ್‌ಮೆಂಟ್ ಅಂತ ಕೊಟ್ಟರೆ ಏನು ಬರೀತೀವಿ? ಸ್ಟೀಲ್ ರೇಲಿಂಗ್, ಕಾಂಕ್ರೀಟ್ ಮೆಟ್ಟಿಲು, ಜಾಸ್ತಿ ಮಾರ್ಕ್ಸ್ ಬೇಕಿದ್ದವನು ರೋಪ್‌ವೇ. ಬೆಟ್ಟವನ್ನ ಬದಲಾಯಿಸೋದು ಮಾತ್ರ ನಮ್ಮ ತಲೆಗೆ ಹೊಳೆಯೋದು. ಅಲ್ಲಿಯವರು ಬೆಟ್ಟ ಮುಟ್ಟದೆ ಬಾಗಿಲಲ್ಲಿ ಕೆಲಸ ಮಾಡಿದ್ದಾರೆ: ಶೂ ನೋಡು, ಜೊತೆ ಇದೆಯಾ ಕೇಳು, ಹೆಸರು ಬರಿ, ಮಳೆ ಬಂದರೆ ಮುಚ್ಚು, ಚಳಿಗಾಲದಲ್ಲಿ ಮುಚ್ಚು. ಒಂದು ನೋಟ್‌ಬುಕ್ಕು, ಒಂದು ಕಂತೆ ಹುಲ್ಲಿನ ಚಪ್ಪಲಿ. 2016ರ ಅಕ್ಟೋಬರ್ ಭೂಕಂಪದಲ್ಲಿ ಗುಡಿಯ ಹತ್ತಿರ ಬಂಡೆ ಬಿರುಕು ಬಿಟ್ಟಾಗ ದಾರಿಯನ್ನೇ ಮುಚ್ಚಿದರು, ತೆರೆದದ್ದು ಮುಂದಿನ ವರ್ಷ. ಗುಡಿಯ ಒಳಗಂತೂ ಪ್ರವಾಸಿಗಳಿಗೆ ಪ್ರವೇಶವೇ ಇಲ್ಲ. ಮೇಲೆ ತಲುಪಿದವರೂ ಕೆಳಗೆ ನಿಂತು ಕತ್ತೆತ್ತಿ ನೋಡಬೇಕು, ಅಷ್ಟೇ. ಆ ತೆಳ್ಳನೆಯ ಕಂಬಗಳು ಇಷ್ಟು ಕಾಲ ಉಳಿಯೋಕೆ ಇದೂ ಒಂದು ಕಾರಣ ಅಂತ ನನಗನಿಸುತ್ತೆ.

"ಹಾಗಾದ್ರೆ ಮಂಡಿ ನೋವಿನವರು, ವೀಲ್‌ಚೇರ್‌ನವರು ನೋಡಲೇಬಾರದಾ?" ಅಂತ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ರೇಲಿಂಗ್ ಹಾಕಿದರೂ ಆ ಬೇರುಗಳ ಮೇಲೆ ವೀಲ್‌ಚೇರ್ ಹೋಗಲ್ಲ. ರೋಪ್‌ವೇ ಹಾಕಿದರೆ ಹೋಗುತ್ತೆ, ಜೊತೆಗೆ ದಿನಕ್ಕೆ ಸಾವಿರ ಸೆಲ್ಫಿಯೂ ಹೋಗುತ್ತೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅವರ ಹತ್ತಿರ ಅರ್ಧ ಉತ್ತರ ಇದೆ: ಕೆಳಗೆ ರಸ್ತೆ ಪಕ್ಕದಲ್ಲಿ ಒಂದು ಜಾಗ, ಅಲ್ಲೊಂದು ದೂರದರ್ಶಕ. ದೂರದಿಂದಲೇ ಕೈಮುಗಿಯೋರಿಗೆ ಅಂತಲೇ ಮಾಡಿದ್ದು.

ಬಸ್ಸಿಗೆ ಟೈಮಿತ್ತು. ಯಜಮಾನರು ಕುಂಟುತ್ತಾ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋದರು. ಮೊದಲು ನೀನು ನೋಡು ಅಂತ ಸನ್ನೆ ಮಾಡಿದರು. ಬರೀ ಹಸಿರು, ಹಸಿರು, ಆಮೇಲೆ ಬೂದು ಬಂಡೆ. ಸ್ವಲ್ಪ ಎಡಕ್ಕೆ ತಿರುಗಿಸಿದರು. ಸಿಕ್ಕಿತು. ಬೆರಳುಗುರಿನಷ್ಟು ಗುಡಿ, ಗರಿಕೆ ಕಡ್ಡಿಗಳಂಥ ಕಂಬ. "ಮಿಯೆತಾ?" ಅಂದರು. ಕಂಡಿತಾ ಅಂತ. ಹೂಂ ಅಂದೆ ಕನ್ನಡದಲ್ಲೇ, ಆಮೇಲೆ ಸರಿದು ಅವರಿಗೆ ಜಾಗ ಬಿಟ್ಟೆ.