ಒಂದೇ ಹಂತ, ಎರಡು ಲೆಕ್ಕ

ನಮ್ಮ ಪಿಂಚಣಿದಾರರ ಗುಂಪಿನಲ್ಲಿ ಇಬ್ಬರಿಗೆ ಒಂದೇ ವರ್ಷ ದೊಡ್ಡ ಕರುಳಿನ ಕ್ಯಾನ್ಸರ್ ಬಂತು. ಇಬ್ಬರದೂ ಎರಡನೇ ಹಂತ, ಇಬ್ಬರಿಗೂ ಆಪರೇಷನ್ ಆಯಿತು. ಆಮೇಲೆ ಒಬ್ಬರಿಗೆ ಕೀಮೋ ಶುರುವಾಯಿತು. ಇನ್ನೊಬ್ಬರಿಗೆ ಡಾಕ್ಟರು, "ಕೀಮೋ ಬೇಡ, ತಪಾಸಣೆಗೆ ಬರ್ತಾ ಇರಿ" ಎಂದರು. ಆ ಮನೆಯವರಿಗೆ ಗಾಬರಿ, ಕೈಬಿಟ್ಟುಬಿಟ್ಟರೋ ಏನೋ ಅಂತ. ಏಳನೇ ಕ್ಲಾಸಿನ ನನ್ನ ಮೊಮ್ಮಗಳೂ ಕೇಳಿದಳು: "ತಾತ, ಹಂತ ಒಂದೇ ಅಂದಮೇಲೆ ಔಷಧಿಯೂ ಒಂದೇ ಅಲ್ವಾ?"

ನಾನು ಬಿ.ಕಾಂ. ಓದಿ ಲೆಡ್ಜರ್ ಬರೆದವನು, ಡಾಕ್ಟರಲ್ಲ. ಆದರೂ ಓದಿ, ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಹಂತ ಎಂದರೆ ಗಡ್ಡೆ ಎಷ್ಟು ದೂರ ಹೋಗಿದೆ ಎಂಬ ಲೆಕ್ಕ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿದ್ದ ಕತ್‌ಬರ್ಟ್ ಡ್ಯೂಕ್ಸ್ ಎಂಬ ವೈದ್ಯರು 1932ರಲ್ಲಿ ಇದನ್ನು ಎ, ಬಿ, ಸಿ ಎಂದು ಮೂರು ಭಾಗ ಮಾಡಿದರು. ಕರುಳಿನ ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದರೆ ಬಿ, ಪಕ್ಕದ ದುಗ್ಧಗ್ರಂಥಿಗೆ ಮುಟ್ಟಿದರೆ ಸಿ. ಈಗಿನ ಒಂದು, ಎರಡು, ಮೂರನೇ ಹಂತಗಳು ಹೆಚ್ಚುಕಡಿಮೆ ಅದೇ ದಾರಿಯವು. ಯಕೃತ್ತು, ಶ್ವಾಸಕೋಶದಂಥ ದೂರದ ಅಂಗಕ್ಕೆ ಹರಡಿದ್ದರೆ ನಾಲ್ಕನೆಯದು. ಮುಂದೇನಾದೀತು ಎಂದು ಅಂದಾಜು ಮಾಡಲು ಇವತ್ತಿಗೂ ಮೊದಲು ನೋಡುವುದು ಇದನ್ನೇ.

ಆದರೆ ಕಳ್ಳ ಎಷ್ಟು ದೂರ ಹೋಗಿದ್ದಾನೆ ಎಂಬುದು ಒಂದು ಪ್ರಶ್ನೆ, ಅವನು ಎಂಥವನು ಎಂಬುದು ಇನ್ನೊಂದು. ಸೂಕ್ಷ್ಮದರ್ಶಕದಲ್ಲಿ ಕೆಲವು ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಲೋಳೆ ಕಾಣುತ್ತದೆ. ಇನ್ನು ಕೆಲವದರ ಜೀವಕೋಶ ಮುದ್ರೆಯುಂಗುರದ ಹಾಗೆ ಇರುತ್ತದೆ, ಒಳಗೆ ಲೋಳೆ ತುಂಬಿ ಕೋಶಕೇಂದ್ರ ಒಂದು ಅಂಚಿಗೆ ಒತ್ತಿಕೊಂಡು. ಈ ಉಂಗುರದ ಜಾತಿ ನೂರಕ್ಕೆ ಒಂದರಷ್ಟು ಅಪರೂಪ. ಬಲು ತುಂಟ ಜಾತಿ. ಪತ್ತೆಯಾಗುವಾಗಲೇ ಸಾಮಾನ್ಯವಾಗಿ ಮೂರು ಅಥವಾ ನಾಲ್ಕನೇ ಹಂತ.

ಕಣ್ಣಿಗೆ ಕಾಣದ ಇನ್ನೊಂದು ಜಾತಿಯಿದೆ, ಅದೇ ನನ್ನ ಗೆಳೆಯರದು. ಬ್ಯಾಂಕಿನಲ್ಲಿ ನಾನು ಬರೆದ ಪ್ರತಿ ನಮೂದನ್ನೂ ಒಬ್ಬ ಅಧಿಕಾರಿ ನೋಡಿ ಟಿಕ್ ಹಾಕಬೇಕಿತ್ತು. ಜೀವಕೋಶ ಎರಡಾಗುವಾಗಲೂ ಡಿಎನ್ಎ ನಕಲಾಗುತ್ತದೆ, ತಪ್ಪು ತಿದ್ದುವ ಪ್ರೋಟೀನುಗಳು ಟಿಕ್ ಹಾಕುತ್ತವೆ. ಆ ಅಧಿಕಾರಿಯೇ ರಜೆ ಹಾಕಿದರೆ? ತಪ್ಪು ಸಾವಿರಗಟ್ಟಲೆ ಸೇರುತ್ತದೆ. ಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 15 ಇಂಥವು. ವಿಚಿತ್ರವೆಂದರೆ ತಪ್ಪು ಹೆಚ್ಚಾದಷ್ಟೂ ಆ ಕೋಶ ಪರಕೀಯನಂತೆ ಕಾಣುತ್ತದೆ, ದೇಹದ ಕಾವಲುಗಾರರು ಗುರುತು ಹಿಡಿದು ಮೇಲೆ ಬೀಳುತ್ತಾರೆ. ಹಾಗಾಗಿ ಎರಡನೇ ಹಂತದಲ್ಲಿ ಈ ಜಾತಿಯವರ ಭವಿಷ್ಯ ಉಳಿದವರಿಗಿಂತ ಚೆನ್ನ, ಹಳೆಯ ಕೀಮೋ ಮಾತ್ರೆಯಿಂದ ಅವರಿಗೆ ಹೆಚ್ಚಿನ ಲಾಭವೂ ಇಲ್ಲ. ಡಾಕ್ಟರು "ಬೇಡ" ಎಂದದ್ದಕ್ಕೆ ಇದೇ ಕಾರಣ. ಕೈಬಿಟ್ಟದ್ದಲ್ಲ!

ನಾಲ್ಕನೇ ಹಂತದಲ್ಲಿ ಈ ಜಾತಿ ನೂರಕ್ಕೆ ಐದರಷ್ಟೇ ಸಿಗುತ್ತದೆ. ಅಲ್ಲಿಯವರೆಗೆ ಹೋದರೆ ಮಾತ್ರ ಲೆಕ್ಕ ತಿರುಗುಮುರುಗು, ಹಳೆಯ ಔಷಧಿಗೆ ಬಗ್ಗುತ್ತಿರಲಿಲ್ಲ. ಈಗ ಕಾವಲುಗಾರರನ್ನೇ ಎಬ್ಬಿಸುವ ಔಷಧಿಗಳು ಬಂದಿವೆ. 2022ರಲ್ಲಿ ನ್ಯೂಯಾರ್ಕಿನಲ್ಲಿ ಇದೇ ಜಾತಿಯ, ಇನ್ನೂ ದೂರ ಹರಡಿರದ ಗುದನಾಳದ ಕ್ಯಾನ್ಸರಿನ 12 ಜನರಿಗೆ ಆರು ತಿಂಗಳು ಅಂಥ ಔಷಧಿ ಕೊಟ್ಟರು. ಹನ್ನೆರಡೂ ಜನರ ಗಡ್ಡೆ ಮಾಯ. ಆಪರೇಷನ್ ಕೂಡ ಬೇಕಾಗಲಿಲ್ಲ. ಸಣ್ಣ ಪ್ರಯೋಗ, ಔಷಧಿಯೂ ದುಬಾರಿ, ಎಲ್ಲ ಜಾತಿಗೂ ನಡೆಯುವುದಿಲ್ಲ. ವಾಟ್ಸಾಪಿನಲ್ಲಿ "ಕ್ಯಾನ್ಸರಿಗೆ ಮದ್ದು ಸಿಕ್ಕಿತು" ಎಂದು ಕಳಿಸುವವರು ಇದನ್ನು ಬರೆಯುವುದಿಲ್ಲ.

ಮುಪ್ಪಿನಲ್ಲಿ ಬರುವ ಈ ಬಗೆ ಬಹುಪಾಲು ವಂಶದಿಂದ ಬಂದದ್ದಲ್ಲ. ಆದರೆ ಕರುಳಿನ ಕ್ಯಾನ್ಸರಿನ ನೂರು ಜನರಲ್ಲಿ ಸುಮಾರು ಮೂವರಿಗೆ ಅದು ಮನೆತನದಿಂದ ಬರುತ್ತದೆ. 1895ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಆಲ್‌ಡ್ರೆಡ್ ವಾರ್ತಿನ್ ಎಂಬ ವೈದ್ಯರಿಗೆ ಅವರ ಬಟ್ಟೆ ಹೊಲಿಯುವ ಹೆಂಗಸು, ನಮ್ಮ ಮನೆಯಲ್ಲಿ ಎಲ್ಲರೂ ಕರುಳಿನದೋ ಗರ್ಭಕೋಶದ್ದೋ ಕ್ಯಾನ್ಸರಿನಿಂದಲೇ ಹೋಗುತ್ತಾರೆ, ನಾನೂ ಹಾಗೇ ಎಂದಳಂತೆ. ಪಾಪ, ಹಾಗೇ ಆಯಿತು. ವಾರ್ತಿನ್ ಆ ಮನೆತನದ ಪಟ್ಟಿ ಬರೆದು 1913ರಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ಹೆನ್ರಿ ಲಿಂಚ್ ಎಂಬುವರು ಅದನ್ನು ಮುಂದುವರಿಸಿದರು. ಹಾಗಾಗಿ ಲಿಂಚ್ ಸಿಂಡ್ರೋಮ್ ಎಂಬ ಹೆಸರು. ಇಂಥ ಮನೆಯ ಮಕ್ಕಳಿಗೆ ದೊಡ್ಡವರಾದ ಮೇಲೆ ಬೇಗಲೇ ಕೊಲೊನೋಸ್ಕೋಪಿ ಶುರುಮಾಡುತ್ತಾರೆ.

ಅಜ್ಜ-ಅಜ್ಜಿಯರೇ, ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನೀವೇ ತೀರ್ಪು ಕೊಟ್ಟು ಸುಮ್ಮನಾಗಬೇಡಿ, ತೋರಿಸಿ. ಮಕ್ಕಳೇ, ಈ ರಜೆಯಲ್ಲಿ ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಯ ಹಿರಿಯರು ಯಾರು ಯಾವ ಕಾಯಿಲೆಯಿಂದ ಎಷ್ಟನೇ ವಯಸ್ಸಿನಲ್ಲಿ ಹೋದರು ಎಂದು ಕೇಳಿ ಬರೆದಿಡಿ. ನಾನು, ಮೊಮ್ಮಗಳು ಸೇರಿ ಮೂರು ತಲೆಮಾರು ಬರೆದೆವು. ನನ್ನ ಸೋದರತ್ತೆಯ ಸಾಲಿನಲ್ಲಿ ಮಾತ್ರ "ನಲವತ್ತೆರಡು, ಹೊಟ್ಟೆನೋವು" ಎಂದಷ್ಟೇ ಇದೆ. ಹೆಚ್ಚು ಗೊತ್ತಿದ್ದವರು ಯಾರೂ ಈಗಿಲ್ಲ.