ಆರು ಮಂದಿ ಮರಳಲಿಲ್ಲ, ಏಳು ಮಂದಿ ಸಂಘ ಕಟ್ಟಿದರು



ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾಯಿತೆಂದರೆ ನಮ್ಮ ಕನ್ನಡ ಶಾಲೆಗಳಲ್ಲಿ ಸಿಹಿ ಹಂಚುತ್ತೇವೆ, ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸುತ್ತೇವೆ, ಮಕ್ಕಳನ್ನು ಬೀಳ್ಕೊಡುತ್ತೇವೆ. ಅಲ್ಲಿಂದಾಚೆಗೆ ಆ ಮಕ್ಕಳು ಎಲ್ಲಿ ಸೇರಿದರು, ಯಾರ ಪಕ್ಕದಲ್ಲಿ ಕುಳಿತರು, ಎರಡನೆಯ ವರ್ಷಕ್ಕೆ ಮುಂದುವರಿದರೇ ಇಲ್ಲವೇ ಎಂಬ ಲೆಕ್ಕವನ್ನು ಶಾಲೆಯೂ ಇಡುವುದಿಲ್ಲ, ಊರೂ ಇಡುವುದಿಲ್ಲ. ಕಾನೂನಿನ ಆಸರೆಯೂ ಅಲ್ಲಿಗೆ ತೆಳುವಾಗುತ್ತದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯದ ಬಗ್ಗೆ ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ನಮ್ಮ ಹುಡುಗ ಹುಡುಗಿಯರ ಬೆನ್ನಿಗೆ ಯಾವ ವಿಧಿಯೂ ಇರುವುದಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕ್ಯಾಂಟೀನಿನ ಮಾತು ಮಲಯಾಳದಲ್ಲೋ, ತಮಿಳಿನಲ್ಲೋ, ಮರಾಠಿಯಲ್ಲೋ, ತೆಲುಗಿನಲ್ಲೋ. ಮಗು ನಡುವೆ ಬಾಯಿ ಕಟ್ಟಿ ಕೂರುತ್ತದೆ.

ಆ ಹಂತದಲ್ಲಿ ಮಗುವಿಗೆ ಆಸರೆಯಾಗಬಲ್ಲದ್ದು ಒಂದೇ: ಅದೇ ಕಾಲೇಜಿನಲ್ಲಿ ಮೊದಲೇ ಓದುತ್ತಿರುವ ತನ್ನ ಜನ, ಅವರು ಕಟ್ಟಿಕೊಂಡ ಸಂಘ. ಈ ಸಲದ ಸಂಪಾದಕೀಯವನ್ನು ಅಂತಹ ಒಂದು ಸಂಘದ ಕತೆಗೆ ಮೀಸಲಿಟ್ಟಿದ್ದೇವೆ. ಕತೆ ನಮ್ಮ ಸೀಮೆಯದಲ್ಲ, ಅಮೆರಿಕದ್ದು. ನೂರಿಪ್ಪತ್ತು ವರ್ಷದ ಹಿಂದಿನದು. ಅಷ್ಟು ದೂರ ಹೋಗಬೇಕಿತ್ತೇ ಎಂದು ತಾವು ಕೇಳಬಹುದು. ಓದಿದ ಮೇಲೆ ತಾವೇ ತೀರ್ಮಾನಿಸಿ.

ಅಮೆರಿಕದ ಕಾಲೇಜುಗಳಲ್ಲಿ ಫ್ರೆಟರ್ನಿಟಿ, ಎಂದರೆ ಸೋದರ ಸಂಘ, ಎಂಬುದೊಂದು ಹಳೆಯ ಪದ್ಧತಿ. ಗ್ರೀಕ್ ಅಕ್ಷರಗಳ ಹೆಸರು, ಸದಸ್ಯರು ಕೂಡಿ ವಾಸಿಸುವ ಮನೆ, ಗುಟ್ಟಿನ ದೀಕ್ಷೆ, ಬೇರೆ ಬೇರೆ ಕಾಲೇಜುಗಳಲ್ಲಿ ಅದೇ ಹೆಸರಿನ ಶಾಖೆಗಳು. ಪ್ರತಿ ವರ್ಷ ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ಕರೆದು, ಮಾತನಾಡಿಸಿ, ನೋಡಿ, ಆರಿಸಿ ಸೇರಿಸಿಕೊಳ್ಳುವುದು ಅಲ್ಲಿ ಒಂದು ದೊಡ್ಡ ಗದ್ದಲದ ಹಂಗಾಮು. ಇದು ಬಹುಕಾಲ ಬಿಳಿಯ, ಅನುಕೂಲಸ್ಥ ಮನೆತನದ ಹುಡುಗರ ಸೊತ್ತಾಗಿತ್ತು. ಕಪ್ಪು ವಿದ್ಯಾರ್ಥಿಗೆ ಆ ಮನೆಯೊಳಗೆ ಪ್ರವೇಶವಿದ್ದದ್ದು ಮೇಜಿಗೆ ಊಟ ಬಡಿಸುವ ಆಳಾಗಿ.

ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಪುಟ್ಟ ಊರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯವಿದೆ. 1904-05ರಲ್ಲಿ ಅಲ್ಲಿ ಆರು ಮಂದಿ ಕಪ್ಪು ವಿದ್ಯಾರ್ಥಿಗಳಿದ್ದರು. ಮರುವರ್ಷ ಕಾಲೇಜು ತೆರೆದಾಗ ಆರರಲ್ಲಿ ಒಬ್ಬರೂ ಮರಳಿ ಬರಲಿಲ್ಲ. ಅವರನ್ನು ಯಾರೂ ಹೊರಗೆ ಹಾಕಿರಲಿಲ್ಲ, ಬಾಗಿಲು ತೆರೆದೇ ಇತ್ತು. ಆದರೆ ಒಳಗೆ ಕುಳಿತವನನ್ನು ಮಾತನಾಡಿಸುವವರಿಲ್ಲ, ಪಾಠ ಅರ್ಥವಾಗದಿದ್ದರೆ ಕೇಳಲು ಜನವಿಲ್ಲ, ಕಾಯಿಲೆ ಬಿದ್ದರೆ ವಿಚಾರಿಸುವವರಿಲ್ಲ ಎಂದಾದರೆ ತೆರೆದ ಬಾಗಿಲಿನಿಂದ ಏನು ಪ್ರಯೋಜನ? ನಮ್ಮ ಗಡಿನಾಡಿನ ಪಾಲಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

1905ರ ಆ ವರ್ಷ ಹೊಸದಾಗಿ ಬಂದ ಹುಡುಗರು ಈ ಆರು ಮಂದಿಯ ಸುದ್ದಿ ಕೇಳಿದರು. ಮುಂದಿನ ವರ್ಷ ತಾವೂ ಇದೇ ಪಟ್ಟಿಗೆ ಸೇರಬಹುದು ಎಂಬ ಭಯ ಅವರಲ್ಲಿ ಹುಟ್ಟಿತು. ಅವರು ಮೊದಲು ಮಾಡಿದ್ದು ಸಂಘವನ್ನಲ್ಲ, ಸಭೆಯನ್ನೂ ಅಲ್ಲ. ಊರಿನ ಒಬ್ಬ ಕಪ್ಪು ಗೃಹಸ್ಥರ ಮನೆಯಲ್ಲಿ ಕೂಡಿ ಓದಲು ಶುರುಮಾಡಿದರು. ಸಿ. ಸಿ. ಪಾಯಿಂಡೆಕ್ಸ್ಟರ್ ಎಂಬ ಹಿರಿಯ ವಿದ್ಯಾರ್ಥಿ, ಸ್ನಾತಕೋತ್ತರ ತರಗತಿಯವರು, ಹುಡುಗರನ್ನು ಒಟ್ಟುಗೂಡಿಸಿದರು. ಕೂಡಿ ಓದುವುದು ಕೂಡಿ ಚರ್ಚಿಸುವುದಾಯಿತು. ಚರ್ಚೆ ಒಂದು ಸಾಹಿತ್ಯ ಕೂಟದ ರೂಪ ತಾಳಿತು. ಆಗ ಭಿನ್ನಾಭಿಪ್ರಾಯ ಬಂತು. ಸಾಹಿತ್ಯ ಕೂಟವೇ ಸಾಕು, ಅದಕ್ಕಿಂತ ಹೆಚ್ಚಿನದು ಬೇಡ ಎಂಬುದು ಪಾಯಿಂಡೆಕ್ಸ್ಟರ್ ಅವರ ಪಕ್ಷ. ಬಿಳಿಯ ಹುಡುಗರಂತೆ ನಮಗೂ ಬಾಳಿನುದ್ದಕ್ಕೂ ಕಟ್ಟಿಹಾಕುವ ಸೋದರ ಸಂಘವೇ ಬೇಕು ಎಂಬುದು ಕಿರಿಯರ ಪಕ್ಷ. ಆ ಕಿರಿಯರಲ್ಲಿ ಕೆಲವರು ಶುಲ್ಕಕ್ಕಾಗಿ ಬಿಳಿಯರ ಸೋದರ ಸಂಘಗಳ ಮನೆಗಳಲ್ಲಿ ಊಟ ಬಡಿಸುತ್ತಿದ್ದವರೇ. ಅಂತಹ ಮನೆಯೊಳಗೆ ಒಬ್ಬರಿಗೊಬ್ಬರು ಹೇಗೆ ಆಸರೆಯಾಗುತ್ತಾರೆ ಎಂಬುದನ್ನು ಅವರು ತಟ್ಟೆ ಹಿಡಿದು ನಿಂತೇ ಕಲಿತಿದ್ದರು.

1906ರ ಡಿಸೆಂಬರ್ 4ರಂದು ಕಿರಿಯರ ಪಕ್ಷ ಗೆದ್ದಿತು. ಆಲ್ಫಾ ಫೈ ಆಲ್ಫಾ ಎಂಬ ಹೆಸರಿನ ಸಂಘ ಹುಟ್ಟಿತು. ಸ್ಥಾಪಕರೆಂದು ಏಳು ಮಂದಿಯ ಹೆಸರು ಇತಿಹಾಸದಲ್ಲಿ ಉಳಿದಿದೆ: ಹೆನ್ರಿ ಕ್ಯಾಲಿಸ್, ಚಾರ್ಲ್ಸ್ ಚಾಪ್ಮನ್, ಯೂಜೀನ್ ಕಿಂಕಲ್ ಜೋನ್ಸ್, ಜಾರ್ಜ್ ಕೆಲ್ಲಿ, ನಥಾನಿಯಲ್ ಮರ್ರೆ, ರಾಬರ್ಟ್ ಓಗಲ್, ವರ್ಟ್ನರ್ ಟ್ಯಾಂಡಿ. ಪಾಯಿಂಡೆಕ್ಸ್ಟರ್ ಅವರ ಹೆಸರು ಆ ಏಳರಲ್ಲಿ ಇಲ್ಲ. ಮೊದಲ ದಿನ ಹುಡುಗರನ್ನು ಕೂಡಿಸಿದವರು ಅವರಲ್ಲವೇ ಎಂದು ನಮಗಂತೂ ಅನ್ನಿಸುತ್ತದೆ. ನಮ್ಮ ಊರುಗಳ ಸಂಘಗಳಲ್ಲೂ ಹೀಗಾಗುವುದುಂಟು: ಕುರ್ಚಿ ಹಾಕಿದವರು ಒಬ್ಬರು, ಫೋಟೋದಲ್ಲಿ ಕುಳಿತವರು ಇನ್ನೊಬ್ಬರು.

ಆ ಏಳು ಮಂದಿ ಮುಂದೆ ಏನಾದರು ಎಂಬುದನ್ನು ಪಾಲಕರು ತಿಳಿಯಬೇಕು. ಕ್ಯಾಲಿಸ್ ವೈದ್ಯರಾದರು. ಟ್ಯಾಂಡಿ ವಾಸ್ತುಶಿಲ್ಪಿಯಾಗಿ ನ್ಯೂಯಾರ್ಕ್ ನಗರದಲ್ಲಿ ಹೆಸರು ಮಾಡಿದರು. ಹಾರ್ಲೆಮಿನ ಸೇಂಟ್ ಫಿಲಿಪ್ಸ್ ಚರ್ಚ್ ಕಟ್ಟಡ ಅವರೂ ಅವರ ಜೊತೆಗಾರರೂ ಕೂಡಿ ರಚಿಸಿದ್ದು. ಜೋನ್ಸ್ ಅವರು ಕಪ್ಪು ಜನರ ಉದ್ಯೋಗ, ವಸತಿಗಾಗಿ ದುಡಿದ ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಯನ್ನು ಬಹುಕಾಲ ನಡೆಸಿದರು. ಹಿಂದಿನ ವರ್ಷದ ಆರು ಮಂದಿ ಬುದ್ಧಿಯಲ್ಲಿ ಇವರಿಗಿಂತ ಕಡಿಮೆಯವರಾಗಿದ್ದರೆಂದು ನಂಬಲು ಕಾರಣವಿಲ್ಲ. ಅವರಿಗೆ ಸಂಜೆ ಕೂಡಿ ಓದುವ ಮನೆ ಇರಲಿಲ್ಲ.

ಸಂಘ ಕಟ್ಟಿದ ಮೇಲೆ ಅವರು ಎದುರಿಸಿದ ಪ್ರಶ್ನೆ ಇನ್ನೂ ಕಠಿಣವಾದದ್ದು. ಕಾಲೇಜಿನ ಸಂಘ ಊರಿನ ಸಂಘದಂತಲ್ಲ. ಊರಿನ ಸಂಘದ ಅಧ್ಯಕ್ಷರು ಇಪ್ಪತ್ತು ವರ್ಷ ಅಲ್ಲೇ ಇರುತ್ತಾರೆ. ಕೆಲವೊಮ್ಮೆ ಬೇಡವೆಂದರೂ ಇರುತ್ತಾರೆ. ಕಾಲೇಜಿನ ಸಂಘದಲ್ಲಿ ಕೆಲಸ ಕಲಿತವರು ಕಲಿತ ವರ್ಷವೇ ಹೊರಟುಹೋಗುತ್ತಾರೆ. ಮೂರು ವರ್ಷದ ಪದವಿಯೆಂದರೆ ಪ್ರತಿ ಬೇಸಿಗೆಗೂ ಮೂರರಲ್ಲೊಂದು ಪಾಲು ಖಾಲಿ. ಒಂದು ವರ್ಷ ಹೊಸಬರನ್ನು ಸೇರಿಸಿಕೊಳ್ಳದೆ ಬಿಟ್ಟರೆ ಮುಂದಿನ ವರ್ಷ ಸಂಘದಲ್ಲಿ ಕೊನೆಯ ವರ್ಷದವರೇ ಹೆಚ್ಚು. ಅದರ ಮರುವರ್ಷ ದಾಖಲೆ ಪುಸ್ತಕ ಯಾವ ಬೀರುವಿನಲ್ಲಿದೆ ಎಂದು ಹೇಳಬಲ್ಲವರೂ ಉಳಿಯುವುದಿಲ್ಲ. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಕಾಲೇಜುಗಳು ತಿಂಗಳುಗಟ್ಟಲೆ ಮುಚ್ಚಿದ್ದನ್ನು ನೆನೆದುಕೊಳ್ಳಿ. ಮುಖ ಕಾಣದ ಹೊಸಬರನ್ನು ಯಾವ ಸಂಘ ಸೇರಿಸಿಕೊಂಡೀತು?

ಅಮೆರಿಕದ ಇಂತಹ ಸಂಘಗಳಲ್ಲಿ ಮೊದಲನೆಯದೆನಿಸಿದ ಫೈ ಬೀಟಾ ಕಪ್ಪಾ 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿ, ಯುದ್ಧ ಹತ್ತಿರ ಬಂದದ್ದರಿಂದ 1781ರಲ್ಲಿ ನಿಂತುಹೋಯಿತು. ಹುಡುಗರು ಕಾಗದಪತ್ರಗಳನ್ನು ಕಾಲೇಜಿನ ಉಗ್ರಾಣದವರ ವಶಕ್ಕೆ ಕೊಟ್ಟು ಹೊರಟರು. ಆ ಶಾಖೆ ಮತ್ತೆ ತಲೆಯೆತ್ತಿದ್ದು 1851ರಲ್ಲಿ; ಅಲ್ಲಿನ ಅಂತರ್ಯುದ್ಧದ ಕಾಲಕ್ಕೆ ಮತ್ತೆ ಮುಚ್ಚಿ 1893ರಲ್ಲಿ ಮೂರನೆಯ ಸಲ ತೆರೆಯಿತು. ಸಂಘದ ಹೆಸರು ಅಳಿಯದೆ ಉಳಿದದ್ದಕ್ಕೆ ಕಾರಣ, ಮುಚ್ಚುವ ಮೊದಲೇ ಯೇಲ್ ಮತ್ತು ಹಾರ್ವರ್ಡ್ ಕಾಲೇಜುಗಳಿಗೆ ಶಾಖೆ ತೆರೆಯುವ ಸನ್ನದು ಕೊಟ್ಟಿದ್ದರು. ತಾಯಿಬೇರು ಒಣಗಿದಾಗ ಹಬ್ಬಿದ ಬಳ್ಳಿ ಬದುಕಿಸಿತು. ಕಾರ್ನೆಲ್ಲಿನ ಹುಡುಗರೂ ತಡಮಾಡಲಿಲ್ಲ. ಸಂಘ ಹುಟ್ಟಿದ ಒಂದೇ ವರ್ಷದಲ್ಲಿ, 1907ರ ಡಿಸೆಂಬರಿನಲ್ಲಿ, ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಎರಡನೆಯ ಶಾಖೆ ಎದ್ದಿತು.

ನಮಗೆ ಇದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು. ಕಾಲೇಜಿಗೆ ಬಂದವರನ್ನು ಸೇರಿಸಿಕೊಳ್ಳುವುದಷ್ಟೇ ತಮ್ಮ ಕೆಲಸವೆಂದು ಅವರು ತಿಳಿಯಲಿಲ್ಲ. ಕಾಲೇಜಿಗೆ ಬರುವ ಕಪ್ಪು ಮಕ್ಕಳೇ ಕಡಿಮೆಯಾದರೆ ಸೇರಿಸಿಕೊಳ್ಳುವುದು ಯಾರನ್ನು? ಆದ್ದರಿಂದ 1920ರ ದಶಕದಲ್ಲಿ ‘ಹೈಸ್ಕೂಲಿಗೆ ಹೋಗಿ, ಕಾಲೇಜಿಗೆ ಹೋಗಿ’ ಎಂಬ ಪ್ರಚಾರವನ್ನು ಹಿಡಿದು ಹದಿಹರೆಯದ ಮಕ್ಕಳ ಬಳಿಗೇ ಹೋದರು. ಸದಸ್ಯರ ಭರ್ತಿ ಕಾಲೇಜಿನ ಗೇಟಿನಲ್ಲಿ ಶುರುವಾಗುವುದಿಲ್ಲ, ಮನೆಯ ಜಗಲಿಯಲ್ಲಿ ಶುರುವಾಗುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಮಾರ್ಟಿನ್ ಲೂಥರ್ ಕಿಂಗ್ 1952ರಲ್ಲಿ ಬಾಸ್ಟನ್ನಿನಲ್ಲಿ ಓದುತ್ತಿದ್ದಾಗ ಇದೇ ಸಂಘ ಸೇರಿದರು. ಅವರ ಹೆಸರಿನಲ್ಲಿ 2011ರಲ್ಲಿ ವಾಷಿಂಗ್ಟನ್ನಿನಲ್ಲಿ ತೆರೆದ ರಾಷ್ಟ್ರೀಯ ಸ್ಮಾರಕದ ಪ್ರಸ್ತಾಪ ಮೊದಲು ಬಂದದ್ದೂ ಈ ಸಂಘದಿಂದಲೇ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಪಾಲಕರಿಗೆ ಮೋಸ ಮಾಡಿದಂತಾದೀತು. ಸೋದರ ಸಂಘಗಳಲ್ಲಿ ಹೊಸಬರನ್ನು ‘ಪರೀಕ್ಷಿಸುವ’ ನೆಪದಲ್ಲಿ ಹೊಡೆಯುವುದು, ಕುಡಿಸುವುದು, ಅವಮಾನಿಸುವುದು ಬಹುಕಾಲದಿಂದ ನಡೆದು ಬಂದಿದೆ. ಮಕ್ಕಳು ಸತ್ತಿದ್ದಾರೆ. ಬಿಳಿಯರ ಸಂಘಗಳಲ್ಲಿ ಮಾತ್ರವಲ್ಲ, ಕಪ್ಪು ವಿದ್ಯಾರ್ಥಿಗಳ ಸಂಘಗಳಲ್ಲೂ. ಆ ಸಂಘಗಳ ಒಕ್ಕೂಟ 1990ರಲ್ಲಿ ಹಳೆಯ ದೀಕ್ಷಾಪದ್ಧತಿಯನ್ನು ರದ್ದುಮಾಡಿತು; ಆದರೂ ಕದ್ದುಮುಚ್ಚಿ ನಡೆಯುವುದು ನಿಲ್ಲಲಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರವೇ ಇದರ ವಿರುದ್ಧ ಕಾಯಿದೆ ಮಾಡಬೇಕಾಯಿತು. ಒಂಟಿ ಮಗುವನ್ನು ಉಳಿಸಲು ಹುಟ್ಟಿದ ಸಂಘ ಒಂಟಿ ಮಗುವನ್ನೇ ಹಿಂಸಿಸುವುದಾದರೆ ಅಂಥದ್ದು ಇಲ್ಲದಿರುವುದೇ ಲೇಸು.

ನಮ್ಮಲ್ಲಿ ಇದಕ್ಕೆ ರ್ಯಾಗಿಂಗ್ ಎಂದು ಹೆಸರು. ನಮ್ಮ ಮಕ್ಕಳು ಓದುವ ರಾಜ್ಯಗಳಲ್ಲಿ ಇದರ ವಿರುದ್ಧ ಕಾಯಿದೆಗಳಿವೆ: ತಮಿಳುನಾಡು ಮತ್ತು ಆಂಧ್ರಪ್ರದೇಶದವು 1997ರವು, ಕೇರಳದ್ದು 1998ರದು, ಮಹಾರಾಷ್ಟ್ರದ್ದು 1999ರದು. 2009ರ ಯು.ಜಿ.ಸಿ. ನಿಯಮಗಳಂತೆ ವಿದ್ಯಾರ್ಥಿಯೂ ಪಾಲಕರೂ ಪ್ರಮಾಣಪತ್ರ ಬರೆದು ಕೊಡಬೇಕು. ಕಾಗದ ಯಾವ ಭಾಷೆಯಲ್ಲೇ ಇರಲಿ, ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ. ದೂರು ಕೊಡಲು 1800-180-5522 ಎಂಬ ಉಚಿತ ಸಹಾಯವಾಣಿ ಇದೆ. ಈ ಸಂಖ್ಯೆಯನ್ನು ಮಗುವಿನ ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದಿಡಿ. ಮಾತೃಭಾಷೆ ಬೇರೆಯಾದ ಮಗು ಸುಲಭವಾಗಿ ಗುರಿಯಾಗುತ್ತದೆ. ದೂರು ಹೇಳಲೂ ಅದಕ್ಕೇ ಹೆಚ್ಚು ಸಂಕೋಚ.

ಅಮೆರಿಕದ ಕಪ್ಪು ಜನರು ಅನುಭವಿಸಿದ್ದಕ್ಕೂ ನಮ್ಮ ಕಷ್ಟಕ್ಕೂ ಸಮ ಕಟ್ಟುವುದು ತಪ್ಪು. ಅವರದು ಗುಲಾಮಗಿರಿಯ ಇತಿಹಾಸ. ನಮ್ಮದು ಗಡಿರೇಖೆ ಎಳೆದಾಗ ಆಚೆ ಉಳಿದವರ ಪಾಡು; ನೆರೆಯ ಭಾಷೆಯವರು ನಮ್ಮ ಬಂಧುಗಳೇ, ಅವರ ಮಕ್ಕಳೊಂದಿಗೆ ನಮ್ಮ ಮಕ್ಕಳು ಬೆರೆತೇ ಬೆಳೆಯಬೇಕು. ಆದರೆ ಬೆರೆಯುವುದಕ್ಕೂ ಧೈರ್ಯ ಬೇಕು, ಆ ಧೈರ್ಯ ಕೊಡುವುದು ತನ್ನವರ ಗುಂಪು. ಇದು ನಮಗೆ ಹೊಸದೂ ಅಲ್ಲ. ಇಂಗ್ಲಿಷೇ ಆಳುತ್ತಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳೂ ಅವರ ವಿದ್ಯಾರ್ಥಿಗಳೂ ಕರ್ಣಾಟಕ ಸಂಘ ನಡೆಸಿದರು. 1919ರಲ್ಲಿ ಅದರಿಂದ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ಹೊರಟಿತು. ಕನ್ನಡ ನಾಡಿನ ನಡುವೆಯೇ ಕನ್ನಡದ ಹುಡುಗರಿಗೆ ಸಂಘ ಬೇಕಾಗಿದ್ದಾಗ ಗಡಿಯಾಚೆ ಬೇಡವೆನ್ನಲಾದೀತೇ?

ತಮ್ಮ ಮಗು ಸೇರುವ ಕಾಲೇಜಿನಲ್ಲಿ ಕನ್ನಡ ಸಂಘ ಇದ್ದರೂ ಅದು ರಾಜ್ಯೋತ್ಸವದ ದಿನ ಬಾವುಟ ಹಾರಿಸಿ ಮತ್ತೆ ಮುಂದಿನ ನವೆಂಬರಿನವರೆಗೆ ಮಲಗುವಂಥದ್ದಾಗಿರಬಹುದು. ಅದನ್ನು ಎಬ್ಬಿಸಲು ಭಾಷಣಕಾರರು ಬೇಕಾಗಿಲ್ಲ. ಕಾರ್ನೆಲ್ಲಿನಂತೆ ಒಂದು ಮನೆ, ವಾರಕ್ಕೆರಡು ಸಂಜೆ, ಗಣಿತವನ್ನೋ ಲೆಕ್ಕಶಾಸ್ತ್ರವನ್ನೋ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಇಬ್ಬರು ಹಿರಿಯರು ಇದ್ದರೆ ಸಾಕು. ಹೆಣ್ಣುಮಕ್ಕಳಿಗೆ ಸಂಜೆಯ ಬಸ್ಸಿನ ತೊಂದರೆ ಇದ್ದಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಕಾಲೇಜಿನ ಒಂದು ಕೋಣೆ ಕೇಳಿ ಪಡೆಯಬಹುದು. ಪ್ರಾಂಶುಪಾಲರ ಬಳಿ ಐದಾರು ಮಂದಿ ಪಾಲಕರೇ ಹೋಗಿ ಕೇಳಿದರೆ ಇಲ್ಲವೆನ್ನುವುದು ಅವರಿಗೂ ಕಷ್ಟ.

ಶಾಲೆಗಳು ಮಾಡಬೇಕಾದ ಕೆಲಸವೂ ಒಂದಿದೆ. ಹತ್ತನೆಯ ತರಗತಿ ಮುಗಿಸಿದವರ ಪಟ್ಟಿಯನ್ನು ಮುಖ್ಯೋಪಾಧ್ಯಾಯರು ಜೂನ್ ತಿಂಗಳಿನಲ್ಲೇ ಎರಡು ಪ್ರತಿ ಮಾಡಿ, ಒಂದನ್ನು ಶಾಲೆಯಲ್ಲಿಟ್ಟು, ಇನ್ನೊಂದನ್ನು ಪಾಲಕರ ಒಪ್ಪಿಗೆ ಪಡೆದು ಮಕ್ಕಳು ಸೇರಿದ ಸಂಸ್ಥೆಯ ಕನ್ನಡ ಅಧ್ಯಾಪಕರಿಗೆ ತಲುಪಿಸಲಿ. ಕನ್ನಡ ಅಧ್ಯಾಪಕರೇ ಇಲ್ಲದ ಕಡೆ ಅಲ್ಲಿ ಓದುತ್ತಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಕೊಡಲಿ. ಮರುವರ್ಷ ಜೂನ್‌ನಲ್ಲಿ ಅದೇ ಪಟ್ಟಿ ಹಿಡಿದು ಎಷ್ಟು ಮಂದಿ ಎರಡನೆಯ ವರ್ಷಕ್ಕೆ ಮರಳಿದ್ದಾರೆ ಎಂದು ಎಣಿಸಲಿ. ಮರಳದವರ ಮನೆಗೆ ಯಾರಾದರೂ ಒಬ್ಬರು ಹೋಗಿ ಬರಲಿ. ಈ ಎಣಿಕೆಯನ್ನು ನಮಗೂ ಬರೆದು ಕಳುಹಿಸಿದರೆ ಶಾಲೆಯ ಹೆಸರಿನೊಂದಿಗೆ, ಮಕ್ಕಳ ಹೆಸರು ಬಿಟ್ಟು, ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.