ಶರಾವತಿಯ ಲಾಂಚು ಮತ್ತು ನಾವು

ಮಾಹೂಝ್‌ನಲ್ಲಿ ನಾವು ನಾಲ್ಕು ಮನೆಯವರು ಕೂಡಿದಾಗಲೆಲ್ಲ ಊರಿನ ರಜೆಯ ಮಾತು ಬಂದೇ ಬರುತ್ತದೆ. ಆಷಾಢದ ಮಳೆಯಲ್ಲಿ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚಿನಲ್ಲಿ ದಾಟಿದ್ದನ್ನು ನಾವು ಮರೆತಿಲ್ಲ. ಮೋಡ ಹೊದ್ದ ಗುಡ್ಡಗಳು, ನಡುವೆ ಬೂದು ನೀರು, ಕೊಡೆ ಬಿಚ್ಚಿದರೂ ತೊಯ್ದ ಮೈ. ಮಳೆಯನ್ನು ಅಪರೂಪಕ್ಕೆ ಕಾಣುವ ನಮ್ಮ ಮಕ್ಕಳಿಗೆ ಅದೇ ನಾರ್ವೆಯ ಫಿಯೋರ್ಡು!

2025ರ ಜುಲೈ 14ರಂದು ಅಲ್ಲಿ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. “ಅಯ್ಯೋ, ಲಾಂಚಿನ ಮಜಾ ಹೋಯಿತಲ್ಲ” ಎಂದು ನಮ್ಮಲ್ಲೂ ಕೆಲವರು ಮರುಗಿದೆವು. ಈ ಮರುಕ ಸಲ್ಲದೆಂಬುದು ನಮ್ಮ ಅಭಿಪ್ರಾಯ. ಅದು ತಾನಾಗಿ ಆದ ಸರೋವರವಲ್ಲ. 1964ರಲ್ಲಿ ಪೂರ್ತಿಯಾದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು. ನಾಡಿಗೆ ವಿದ್ಯುತ್ತು ಬಂತು. ಅಲ್ಲಿಯವರ ಗದ್ದೆ, ತೋಟ, ಮನೆಗಳು ಮುಳುಗಿದವು. ಆಚೆ ಉಳಿದ ತುಮರಿ ಕಡೆಯವರಿಗೆ ಲಾಂಚು ವಿಹಾರವಾಗಿರಲಿಲ್ಲ. ರೋಗಿಯನ್ನು ಸಾಗರದ ಆಸ್ಪತ್ರೆಗೆ ಒಯ್ಯುವ ದಾರಿಯಾಗಿತ್ತು.

ಊರು ಬಿಟ್ಟು ಬಂದ ನಮಗೆ ಈ ನೋವು ತಿಳಿಯದೇ? ನಾವಾದರೋ ಟಿಕೆಟ್ ಕೊಂಡು ಹಿಂತಿರುಗಬಹುದು. ಅವರ ಊರು ನೀರಿನಡಿ ಇದೆ. ಮುಂದಿನ ರಜೆಯಲ್ಲಿ ಸೇತುವೆ ದಾಟುವಾಗ ಮಕ್ಕಳಿಗೆ ನೀರನ್ನು ತೋರಿಸೋಣ, ಮುಳುಗಿದ ಊರುಗಳ ಕಥೆಯನ್ನೂ ಹೇಳೋಣ.